ಪ್ರಾಜೆಕ್ಟ್ ವೈವಾ ದಿನ ಬಾಗಿಲು ತೆರೆದಿಡಿ

ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ದಿನ, ಪದವಿ ಓದುವ ಹುಡುಗ ಹುಡುಗಿಯರು ತಾವು ಮಾಡಿದ ಸಂಶೋಧನೆಯನ್ನು ಬಂದವರೆಲ್ಲರ ಮುಂದೆ ಇಡುತ್ತಾರೆ. 1998ರಲ್ಲಿ ಶುರುವಾದ ಕಾರ್ಯಕ್ರಮ ಇದು. ಈಗ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಸೇರುತ್ತಾರೆ. ಸಿಯಾಟಲ್ ಕ್ಯಾಂಪಸ್ಸಿನವರ ಜೊತೆ ಬಾಥೆಲ್, ಟಕೋಮಾ ಕ್ಯಾಂಪಸ್ಸಿನವರೂ ಬರುತ್ತಾರೆ. ನಡೆಯುವುದು ಮುಖ್ಯವಾಗಿ ಮೇರಿ ಗೇಟ್ಸ್ ಹಾಲ್‌ನಲ್ಲಿ. ಮೇರಿ ಗೇಟ್ಸ್ ಅಂದರೆ ಬಿಲ್ ಗೇಟ್ಸ್ ಅವರ ತಾಯಿ. ಈ ವಿಶ್ವವಿದ್ಯಾಲಯದಲ್ಲೇ ಓದಿ, ಮುಂದೆ 1975ರಿಂದ 1993ರವರೆಗೆ ಅದರ ಆಡಳಿತ ಮಂಡಳಿಯಲ್ಲಿದ್ದವರು.

ನಮ್ಮ ಮನೆ ಇಲ್ಲೇ ಹತ್ತಿರ. ಮಗಳು ಓದುವುದೂ ಇಲ್ಲೇ. ಹಾಗಾಗಿ ಹೋಗಿ ನೋಡುತ್ತಿರುತ್ತೇನೆ. ಹೋದಾಗಲೆಲ್ಲ ಕರ್ನಾಟಕದ ಕಾಲೇಜುಗಳೇ ಕಣ್ಣ ಮುಂದೆ ಬರುತ್ತವೆ. ಇಲ್ಲಿನದೆಲ್ಲ ಚೆಂದ, ನಮ್ಮದೆಲ್ಲ ಕೆಟ್ಟದ್ದು ಅಂತ ಹೇಳುವ ಬರಹ ಇದಲ್ಲ. ಇವರಿಂದ ನಾವು ತೆಗೆದುಕೊಳ್ಳಬೇಕಾದ್ದು ಒಂದಿದೆ. ನಮ್ಮಿಂದ ಇವರು ತೆಗೆದುಕೊಳ್ಳಬೇಕಾದ್ದೂ ಒಂದಿದೆ. ಎರಡನೆಯದು ನಮ್ಮವರಿಗೇ ಮರೆತುಹೋದಂತಿದೆ ಅನ್ನುವುದು ನನ್ನ ಸಂಕಟ.

ಮೊದಲು ಇಲ್ಲಿನ ವಿಷಯ. ಒಳಗೆ ಹೋದರೆ ಸಾಲು ಸಾಲಾಗಿ ಬೋರ್ಡುಗಳು. ಪ್ರತಿ ಬೋರ್ಡಿಗೂ ಒಂದು ದೊಡ್ಡ ಪೋಸ್ಟರ್, ಪಕ್ಕದಲ್ಲಿ ಅದನ್ನು ಮಾಡಿದ ವಿದ್ಯಾರ್ಥಿ. ಯಾರು ಬೇಕಾದರೂ ಹತ್ತಿರ ಹೋಗಿ ‘ಇದೇನು ಮಾಡಿದ್ದೀಯಾ, ಸ್ವಲ್ಪ ಹೇಳು’ ಅನ್ನಬಹುದು. ಟಿಕೆಟ್ ಇಲ್ಲ. ಕೆಲವರು ಕೋಣೆಗಳಲ್ಲಿ ನಿಂತು ಕೆಲವು ನಿಮಿಷಗಳ ಭಾಷಣದ ರೂಪದಲ್ಲಿ ಹೇಳುತ್ತಾರೆ. ಕುಣಿಯುವವರು, ನಾಟಕ ಮಾಡುವವರು, ಚಿತ್ರ ಬರೆಯುವವರು ಕೂಡ ಇದೇ ಕಾರ್ಯಕ್ರಮದ ಪಾಲುದಾರರು. ಕ್ಯಾನ್ಸರ್ ಜೀವಕೋಶದ ಬಗ್ಗೆ ಕೆಲಸ ಮಾಡಿದವಳಿಗೂ ಹೊಸ ನೃತ್ಯ ಕಟ್ಟಿದವಳಿಗೂ ಒಂದೇ ಮರ್ಯಾದೆ. ಪ್ರತಿಯೊಬ್ಬರ ಹಿಂದೆಯೂ ದಾರಿ ತೋರಿಸಿದ ಒಬ್ಬ ಅಧ್ಯಾಪಕರಿರುತ್ತಾರೆ. ಆದರೆ ಮಾತಾಡಬೇಕಾದ್ದು ವಿದ್ಯಾರ್ಥಿಯೇ.

ಪದವಿ ಹುಡುಗರಿಗೂ ಸಂಶೋಧನೆ ಮಾಡಲು ಅವಕಾಶ ಕೊಡಬೇಕು ಅನ್ನುವ ಯೋಚನೆ ಅಮೆರಿಕದಲ್ಲೂ ತೀರಾ ಹಳೆಯದೇನಲ್ಲ. ಅಲ್ಲಿನ ಎಂಐಟಿ ಅನ್ನುವ ತಂತ್ರಜ್ಞಾನ ಸಂಸ್ಥೆಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕಾರ್ ಅದಕ್ಕೊಂದು ಯೋಜನೆ ಶುರು ಮಾಡಿದ್ದು 1969ರಲ್ಲಿ. ದೇಶದ ಪದವಿ ವಿದ್ಯಾರ್ಥಿಗಳೆಲ್ಲ ಸೇರುವ ಸಂಶೋಧನಾ ಸಮ್ಮೇಳನ ಮೊದಲು ನಡೆದದ್ದು 1987ರಲ್ಲಿ, ನಾರ್ತ್ ಕೆರೊಲಿನಾದ ಆಶ್‌ವಿಲ್‌ನಲ್ಲಿ. ಅಂದರೆ ಇದು ನೂರಾರು ವರ್ಷಗಳ ಸಂಪ್ರದಾಯ, ನಮಗೆಲ್ಲಿ ಸಾಧ್ಯ ಅನ್ನುವ ಮಾತಿಗೆ ಜಾಗವಿಲ್ಲ.

ಒಂದು ಪೋಸ್ಟರ್ ಬಗ್ಗೆ ಹೇಳುತ್ತೇನೆ. ವಿಷಯ: ರಸ್ತೆಯ ಮಳೆನೀರು ಮತ್ತು ಕೋಹೊ ಸಾಲ್ಮನ್ ಮೀನು. ಈ ಮೀನು ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ತಾನು ಹುಟ್ಟಿದ ತೊರೆಗೇ ವಾಪಸ್ ಬರುತ್ತದೆ. ಸಿಯಾಟಲ್ ಊರೊಳಗಿನ ತೊರೆಗಳಿಗೆ ಬಂದ ಮೀನುಗಳು ಮೊಟ್ಟೆಯಿಡುವ ಮೊದಲೇ ಒದ್ದಾಡಿ ಸಾಯುತ್ತಿದ್ದವು. ಅದೂ ಮಳೆ ಬಂದ ಮೇಲೆ. ಎಷ್ಟೋ ವರ್ಷ ಕಾರಣವೇ ಸಿಕ್ಕಿರಲಿಲ್ಲ. ಕೊನೆಗೆ 2020ರಲ್ಲಿ ಟಕೋಮಾ ಕ್ಯಾಂಪಸ್ಸಿನ ಸಂಶೋಧಕರು ಮತ್ತು ಅವರ ಸಂಗಡಿಗರು ಅದನ್ನು ಹಿಡಿದರು. ಟೈರ್ ಬೇಗ ಬಿರುಕು ಬಿಡದಿರಲಿ ಅಂತ ರಬ್ಬರಿಗೆ ಸಿಕ್ಸ್ ಪಿಪಿಡಿ ಅನ್ನುವ ರಾಸಾಯನಿಕ ಸೇರಿಸುತ್ತಾರೆ. ಅದು ಗಾಳಿಯ ಓಝೋನ್ ಜೊತೆ ಸೇರಿ ಸಿಕ್ಸ್ ಪಿಪಿಡಿ ಕ್ವಿನೋನ್ ಆಗುತ್ತದೆ. ಟೈರ್ ಸವೆದ ಪುಡಿ ರಸ್ತೆಯಲ್ಲಿ ಕೂತಿರುತ್ತದೆ, ಮಳೆನೀರು ಅದನ್ನು ತೊರೆಗೆ ಒಯ್ಯುತ್ತದೆ. ತೀರಾ ಸ್ವಲ್ಪ ಪ್ರಮಾಣವಿದ್ದರೂ ಕೋಹೊ ಮೀನಿಗೆ ಅದೇ ವಿಷ.

ಆ ಹುಡುಗಿ ಮಾಡಿದ್ದು ಇದರ ಒಂದು ಚಿಕ್ಕ ತುಂಡು ಕೆಲಸ. ಮಳೆನೀರನ್ನು ಮಣ್ಣು, ಮರದ ಚೂರುಗಳ ಪದರದಲ್ಲಿ ಸೋಸಿದರೆ ಎಷ್ಟು ಶುದ್ಧವಾಗುತ್ತದೆ ಅಂತ ಅಳೆದಿದ್ದಳು. ಊರಿಂದ ಬಂದಿದ್ದ ನಮ್ಮ ಮಾವ ಅವತ್ತು ಜೊತೆಗಿದ್ದರು. ತಿಪಟೂರಿನ ಕಡೆಯವರು, ತೆಂಗಿನ ತೋಟ ನೋಡಿಕೊಂಡೇ ಬದುಕಿದವರು. ಮಗಳು ಅರ್ಥ ಹೇಳುತ್ತಾ ಹೋದಳು, ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು: “ನಮ್ಮೂರ್ ಕೆರೆಗೂ ರೋಡ್ ನೀರೇ ಹರ್ಕೊಂಡ್ ಬರ್ತದೆ ಕಣವ್ವ. ನಮ್ ಮೀನಿಗೂ ಇದು ತಾಗ್ತದಾ, ಕೇಳು.”

ಮಗಳು ಕೇಳಿದಳು. ಆ ಹುಡುಗಿ ಒಂದು ಕ್ಷಣ ಯೋಚಿಸಿದಳು. ಎಲ್ಲ ಮೀನಿಗೂ ಒಂದೇ ಥರ ಆಗುವುದಿಲ್ಲ, ಇದೇ ತೊರೆಗಳಿಗೆ ಬರುವ ಚಮ್ ಸಾಲ್ಮನ್ ಬದುಕಿಕೊಳ್ಳುತ್ತದೆ ಅಂದಳು. ನಿಮ್ಮ ಕೆರೆಯಲ್ಲಿ ಯಾವ ಯಾವ ಮೀನು ಇವೆ ಅಂತ ತಿರುಗಿ ಕೇಳಿದಳು. ಮಾವ ಹೇಳಿದ ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಂಡಳು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಿದಳು, ಅದರಲ್ಲಿ ಅವಳಿಗೆ ಯಾವ ಅಳುಕೂ ಇರಲಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗಿ. ಎದುರಿಗೆ ಪಂಚೆ ಉಟ್ಟ, ಇಂಗ್ಲಿಷ್ ಬಾರದ ಹಿರಿಯರು. ಆ ಹತ್ತು ನಿಮಿಷ ಇಬ್ಬರೂ ಸಮಸಮ ನಿಂತು ಒಂದೇ ವಿಷಯ ಯೋಚಿಸಿದರು. ನನಗೆ ಬೇಕಾದ್ದು ಇದು.

ಈಗ ನಮ್ಮ ಕಡೆ. ಎಂಜಿನಿಯರಿಂಗ್ ಇರಲಿ, ಎಂಎಸ್ಸಿ ಇರಲಿ, ಕೊನೆಯ ವರ್ಷ ಪ್ರಾಜೆಕ್ಟ್ ಇದ್ದೇ ಇರುತ್ತದೆ. ಕೆಲಸ ಮುಗಿದ ಮೇಲೆ ವೈವಾ. ಕೋಣೆಯೊಳಗೆ ಹೊರಗಿನಿಂದ ಬಂದ ಪರೀಕ್ಷಕರು, ಕಾಲೇಜಿನ ಗೈಡ್, ನಡುಗುವ ಹುಡುಗರು. ಬಾಗಿಲು ಮುಚ್ಚಿರುತ್ತದೆ. ಹದಿನೈದಿಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ರಟ್ಟು ಹಾಕಿ, ಚಿನ್ನದ ಬಣ್ಣದ ಅಕ್ಷರ ಹಾಕಿಸಿದ ರಿಪೋರ್ಟ್ ವಿಭಾಗದ ಬೀರು ಸೇರುತ್ತದೆ. ಬೀರು ತುಂಬಿದ ಮೇಲೆ ಹಳೆಯವು ರದ್ದಿಗೆ ಹೋಗುತ್ತವೆ. ಆ ಹುಡುಗರ ಅಪ್ಪ ಅಮ್ಮನಿಗೆ, ಕೆಳಗಿನ ತರಗತಿಯವರಿಗೆ, ಕಾಲೇಜಿನ ಎದುರಿನ ಅಂಗಡಿಯವರಿಗೆ ಅವರು ಏನು ಮಾಡಿದರು ಅನ್ನುವುದು ಗೊತ್ತೇ ಆಗುವುದಿಲ್ಲ. ಹಾಗಿರುವಾಗ ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರುವ ವ್ಯಾಪಾರ ಬೆಳೆದಿದೆ ಅಂದರೆ ಆಶ್ಚರ್ಯವಿಲ್ಲ. ಇಬ್ಬರು ಮೂವರು ಮಾತ್ರ ನೋಡುವ ಕೆಲಸಕ್ಕೆ ಮನಸ್ಸು ಹಾಕು ಅಂದರೆ ಎಷ್ಟು ಜನ ಹಾಕಿಯಾರು? ಮುನ್ನೂರು ಜನ ಬಂದು ಪ್ರಶ್ನೆ ಕೇಳುತ್ತಾರೆ ಅಂದರೆ ಕೊಂಡುತಂದ ಪ್ರಾಜೆಕ್ಟ್ ಪಕ್ಕ ನಿಲ್ಲುವ ಧೈರ್ಯ ಯಾರಿಗೂ ಬರುವುದಿಲ್ಲ. ನಕಲು ಹಿಡಿಯುವ ಸಾಫ್ಟ್‌ವೇರ್‌ಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ನಮ್ಮಲ್ಲಿ ಒಳ್ಳೆಯ ಪ್ರಯತ್ನಗಳು ಇಲ್ಲ ಅಂತಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದಲೇ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಸಹಾಯಧನ ಕೊಡುತ್ತಾ, ಆಯ್ದವುಗಳ ಪ್ರದರ್ಶನ ನಡೆಸುತ್ತಾ ಬಂದಿದೆ. ಸಿಯಾಟಲ್‌ನವರಿಗಿಂತ ಎಷ್ಟೋ ಮೊದಲು ಶುರುವಾದದ್ದು ಇದು. ಬೆಂಗಳೂರಿನ ಐಐಎಸ್‌ಸಿ ವರ್ಷಕ್ಕೊಂದು ದಿನ ಗೇಟು ತೆರೆದರೆ ಶಾಲಾ ಮಕ್ಕಳು, ಅಪ್ಪ ಅಮ್ಮಂದಿರು ಜಾತ್ರೆಗೆ ಬಂದ ಹಾಗೆ ಬರುತ್ತಾರೆ. ನೋಡುವ ಆಸೆ ನಮ್ಮ ಜನಕ್ಕೆ ಬೇಕಾದಷ್ಟಿದೆ. ಆದರೆ ಆಯ್ಕೆಯಾದ ಕೆಲವರದ್ದು ಅಥವಾ ದೊಡ್ಡ ಸಂಸ್ಥೆಯದ್ದು ಮಾತ್ರ ಕಣ್ಣಿಗೆ ಬಿದ್ದರೆ ಸಾಲದು. ತಾಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಹುಡುಗಿಗೂ ಒಂದು ಬೋರ್ಡು, ಒಂದು ದಿನ ಸಿಗಬೇಕು.

ಇನ್ನು ನಾವೇ ಮರೆತ ವಿಷಯಕ್ಕೆ ಬರುತ್ತೇನೆ. ವಿಶ್ವವಿದ್ಯಾಲಯವೊಂದು ತನ್ನ ಸಂಶೋಧನೆಯನ್ನು ಜನರ ಮುಂದೆ ಹೇಗೆ ಇಡಬೇಕು ಅನ್ನುವುದನ್ನು ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಚೆನ್ನಾಗಿ ಕಲಿತಿವೆ. ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರು, ಎಲ್ಲ ಕಡೆ ಕೃಷಿ ಮೇಳ ನಡೆಯುತ್ತದೆ. ಲಕ್ಷಗಟ್ಟಲೆ ಜನ ಬಸ್ಸು, ಟೆಂಪೋ ಮಾಡಿಕೊಂಡು ಬರುತ್ತಾರೆ. ಹೊಸ ತಳಿಯ ಬಗ್ಗೆ ಕಾಗದದ ಮೇಲೆ ಓದಬೇಕಾಗಿಲ್ಲ, ತಾಕಿನಲ್ಲಿ ಬೆಳೆದು ನಿಂತಿರುತ್ತದೆ. ಮಧ್ಯಾಹ್ನ ಮುದ್ದೆ ಊಟ. ಜಿಕೆವಿಕೆಯ ರಾಗಿ ತಾಕಿನ ಬದುವಿನಲ್ಲಿ ನಿಂತು ಕೇಳಿದ ಮಾತೊಂದು ಇನ್ನೂ ಕಿವಿಯಲ್ಲಿದೆ. ವಿಜ್ಞಾನಿ ಎಕರೆಗೆ ಇಷ್ಟು ಕ್ವಿಂಟಲ್, ಬೆಂಕಿ ರೋಗ ತಡೆದುಕೊಳ್ಳುತ್ತದೆ ಅಂತೆಲ್ಲ ವಿವರಿಸಿ ಮುಗಿಸಿದರು. ಒಬ್ಬ ರೈತರು ತೆನೆ ಬಿಟ್ಟು ಕಡ್ಡಿಯನ್ನು ಬೆರಳಲ್ಲಿ ಒತ್ತಿ ನೋಡಿದರು. “ತೆನೆ ಏನೋ ದಪ್ಪಕ್ಕೈತೆ ಸ್ವಾಮಿ. ಹುಲ್ಲು ಎಷ್ಟಾಯ್ತದೆ? ನಮ್ ದನ ಏನ್ ತಿನ್ಬೇಕು?” ಸುತ್ತಲಿದ್ದವರೆಲ್ಲ ಹೌದಲ್ವಾ ಅಂದರು. ರಾಗಿ ಬೆಳೆಯುವವರ ಮನೆಯಲ್ಲಿ ಹುಲ್ಲಿಗೂ ಕಾಳಿನಷ್ಟೇ ಬೆಲೆ. ಗಿಡ ಗಿಡ್ಡವಾದರೆ ದನದ ಮೇವಿಗೆ ಕುತ್ತು. ಇಳುವರಿಯ ಲೆಕ್ಕದಲ್ಲಿ ಹಿಂದೆ ಬೀಳಬಹುದಾದ ಪ್ರಶ್ನೆ ರೈತರ ಬಾಯಲ್ಲಿ ಮೊದಲ ಪ್ರಶ್ನೆಯಾಗಿ ಬಂತು.

ರೈತರಿಗೂ ಸಂಶೋಧಕರಿಗೂ ಇರುವ ಈ ಸಂಬಂಧ ಹೊಸದಲ್ಲ. ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ಜನರ ಬಾಯಲ್ಲಿ ‘ರಾಗಿ ಲಕ್ಷ್ಮಣಯ್ಯ’ ಆಗಿಬಿಟ್ಟರು. ಸಂಶೋಧಕರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ತೋಚುವುದಿಲ್ಲ.

ಸಿಯಾಟಲ್‌ನ ಕಾರ್ಯಕ್ರಮದಲ್ಲಿ ನನಗೆ ಕೊರತೆ ಕಾಣುವುದು ಇಲ್ಲೇ. ಎಲ್ಲರಿಗೂ ಬಾಗಿಲು ತೆರೆದಿದೆ, ನಿಜ. ಆದರೆ ಬರುವವರಲ್ಲಿ ಜಾಸ್ತಿ ಅಧ್ಯಾಪಕರು, ಗೆಳೆಯರು, ಮನೆಯವರು. ಟೈರಿನ ವಿಷಯ ಇದೆ ಅಂದರೆ ಟೈರ್ ಬದಲಿಸುವ ಗ್ಯಾರೇಜಿನವರು ಇಲ್ಲ. ವೃದ್ಧಾಶ್ರಮದ ಬಗ್ಗೆ ಕೆಲಸ ಇದೆ ಅಂದರೆ ಅಲ್ಲಿ ದುಡಿಯುವ ದಾದಿಯರು ಕಾಣುವುದಿಲ್ಲ. ಯಾರಿಗೆ ಬೇಕೋ ಅವರನ್ನು ಮನೆಬಾಗಿಲಿಗೆ ಹೋಗಿ ಕರೆಯುವ ರೂಢಿ ಕೃಷಿ ಮೇಳದ್ದು. ಇಲ್ಲಿಯವರು ಅದನ್ನು ನೋಡಿ ಕಲಿಯಬೇಕು.

ಇನ್ನೊಂದು ವಿಷಯ ಭಾಷೆಯದು. ಕೃಷಿ ಮೇಳದಲ್ಲಿ ರೋಗ, ಗೊಬ್ಬರ, ತಳಿ ಎಲ್ಲ ಕನ್ನಡದಲ್ಲೇ ನಡೆಯುತ್ತದೆ. ಕನ್ನಡದಲ್ಲಿ ವಿಜ್ಞಾನ ಹೇಳಲು ಆಗುತ್ತದೋ ಇಲ್ಲವೋ ಅನ್ನುವ ಚರ್ಚೆ ಅಲ್ಲಿ ಹುಟ್ಟುವುದೇ ಇಲ್ಲ, ಯಾಕೆಂದರೆ ಎದುರಿಗೆ ನಿಂತವರಿಗೆ ಅರ್ಥವಾಗಲೇಬೇಕು. ಮೈಸೂರು ವಿಶ್ವವಿದ್ಯಾನಿಲಯ ಸ್ವಾತಂತ್ರ್ಯಕ್ಕೂ ಮೊದಲೇ ಪ್ರಚಾರೋಪನ್ಯಾಸ ಅಂತ ಮಾಡಿತ್ತು. ಪ್ರಾಧ್ಯಾಪಕರು ಊರೂರಿಗೆ ಹೋಗಿ ತಮ್ಮ ವಿಷಯವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಆ ಮಾತುಗಳು ಸಣ್ಣ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಸಿಗುತ್ತಿದ್ದವು. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯಕ್ಕೆ ಅಷ್ಟು ಬೇಗ ಹೊಳೆದದ್ದು ಇವತ್ತು ನಮ್ಮ ಎಲ್ಲ ಕಾಲೇಜುಗಳಿಗೂ ಹೊಳೆಯಬೇಡವಾ? ರಿಪೋರ್ಟ್ ಇಂಗ್ಲಿಷಿನಲ್ಲೇ ಇರಲಿ. ಪೋಸ್ಟರ್ ಕನ್ನಡದಲ್ಲಿ ಇರಲಿ. ಮಾಡಿದ್ದನ್ನು ತನ್ನ ಅಮ್ಮನಿಗೆ ತಿಳಿಯುವ ಹಾಗೆ ಹೇಳಲು ಕೂತಾಗ ಎಷ್ಟೋ ವಿದ್ಯಾರ್ಥಿಗಳಿಗೆ ತಾವು ಮಾಡಿದ್ದೇನು ಅನ್ನುವುದು ಮೊದಲ ಸಲ ಸರಿಯಾಗಿ ತಿಳಿಯುತ್ತದೆ.

ಕಲೆಯ ವಿಷಯದಲ್ಲಿ ನಾವು ಸುಮ್ನೆ ಗೋಡೆ ಕಟ್ಟಿಕೊಂಡಿದ್ದೇವೆ. ಹಾಡು, ಕುಣಿತಕ್ಕೆ ಯುವಜನೋತ್ಸವ, ಕಾಲೇಜು ವಾರ್ಷಿಕೋತ್ಸವ. ಅಲ್ಲಿ ಬಹುಮಾನ, ಚಪ್ಪಾಳೆ ಎಲ್ಲ ಇದೆ. ಇದನ್ನು ಹೇಗೆ ಕಟ್ಟಿದೆ, ಯಾಕೆ ಹೀಗೆ ಮಾಡಿದೆ ಅಂತ ಕೇಳುವವರಿಲ್ಲ. ಡೊಳ್ಳು ಕುಣಿತ ಮಾಡುವ ಹುಡುಗ ತನ್ನೂರಿನ ಹಿರಿಯರಿಂದ ಯಾವ ಪಟ್ಟು ಕಲಿತ, ಅದರಲ್ಲಿ ತಾನೇನು ಬದಲಾಯಿಸಿದ ಅಂತ ನಿಂತು ವಿವರಿಸಿದರೆ ಅದೂ ಸಂಶೋಧನೆಯೇ. ಕನ್ನಡ ಎಂಎ ಓದುವ ಹುಡುಗಿ ಸೋಬಾನೆ ಪದ ಸಂಗ್ರಹಿಸಿದ್ದರೆ, ಹಾಡಿಕೊಟ್ಟ ಅಜ್ಜಿಯರನ್ನೇ ಆ ದಿನ ಕರೆಸಿ ಪೋಸ್ಟರ್ ಪಕ್ಕ ಕುರ್ಚಿ ಹಾಕಿ ಕೂರಿಸಬೇಕು. ತಪ್ಪು ಬರೆದಿದ್ದರೆ ಅವರೇ ಹೇಳುತ್ತಾರೆ.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಪ್ಲಾಸ್ಟಿಕ್ ಫ್ಲೆಕ್ಸ್ ಬೇಡ, ಅದಕ್ಕೆ ನಮ್ಮ ರಾಜ್ಯದಲ್ಲಿ ನಿಷೇಧವೂ ಇದೆ. ನಾಲ್ಕು ಡ್ರಾಯಿಂಗ್ ಶೀಟ್, ಸ್ಕೆಚ್ ಪೆನ್ ಸಾಕು. ಕಾಲೇಜಿನ ವರಾಂಡ ಸಾಕು. ವೇದಿಕೆ, ಹಾರ ತುರಾಯಿ, ಮುಖ್ಯ ಅತಿಥಿಗಳ ದೀರ್ಘ ಭಾಷಣ ಬೇಡವೇ ಬೇಡ. ಅದೆಲ್ಲ ಇಟ್ಟುಕೊಂಡರೆ ಬೆಳಗ್ಗೆಯೆಲ್ಲ ಅದಕ್ಕೇ ಹೋಗುತ್ತದೆ, ಹುಡುಗರು ಕುರ್ಚಿ ಜೋಡಿಸುವುದರಲ್ಲೇ ಸುಸ್ತಾಗುತ್ತಾರೆ. ಮೊದಲ ವರ್ಷ ಬಹುಮಾನವನ್ನೂ ಇಡಬೇಡಿ. ಬಹುಮಾನ ಇಟ್ಟರೆ ತೀರ್ಪುಗಾರರನ್ನು ನೋಡಿ ಮಾತಾಡುತ್ತಾರೆ, ಬಂದವರನ್ನು ನೋಡಿ ಮಾತಾಡುವುದಿಲ್ಲ.

ಹೊರನಾಡಿನಲ್ಲಿರುವ ನಮ್ಮಂಥವರು ಊರಿಗೆ ಬಂದಾಗ ಓದಿದ ಕಾಲೇಜಿಗೆ ಹೋಗಿ ಕಂಪ್ಯೂಟರ್ ಕೊಡುತ್ತೇವೆ, ಕಟ್ಟಡಕ್ಕೆ ಹಣ ಕೊಡುತ್ತೇವೆ. ಕೊಡೋಣ. ಅದರ ಜೊತೆಗೆ ಪ್ರಿನ್ಸಿಪಾಲರ ಹತ್ತಿರ ಕೂತು ಇದೊಂದು ಮಾತು ಹೇಳೋಣ: ಸರ್, ಈ ಸಲ ವೈವಾ ಮುಗಿದ ಮಾರನೇ ದಿನ ರಿಪೋರ್ಟನ್ನು ಬೀರುವಿಗೆ ಸೇರಿಸಬೇಡಿ. ಹುಡುಗರನ್ನು ವರಾಂಡದಲ್ಲಿ ನಿಲ್ಲಿಸಿ, ಸಂತೆಯ ದಿನವೇ ಇಟ್ಟುಕೊಳ್ಳಿ, ಸಂತೆಗೆ ಬಂದವರು ಹಾಗೇ ಒಳಗೆ ಬರಲಿ.