ಉಪ್ಪು ನೋಡಿದ್ದಕ್ಕೂ ಲೆಕ್ಕ

2024ರ ಮಾರ್ಚ್‌ನಲ್ಲಿ ಷಿಕಾಗೋದಿಂದ ಒಂದು ಸುದ್ದಿ ಬಂತು. ದಿನದ ಊಟ, ತಿಂಡಿ ಎಲ್ಲ ಎಂಟು ಗಂಟೆಗಳ ಅವಧಿಯೊಳಗೆ ಮುಗಿಸಿ ಉಳಿದ ಹೊತ್ತು ಉಪವಾಸ ಇರುವವರಿಗೆ ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ 91 ಜಾಸ್ತಿಯಂತೆ. ಅಲ್ಲಿವರೆಗೆ ಅದೇ ಎಂಟು ಗಂಟೆಯ ಮಹಿಮೆಯನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಾ ಸಾರುತ್ತಿದ್ದ ನಮ್ಮ ಭಾವ ಅವತ್ತು ಗುಡ್ ಮಾರ್ನಿಂಗ್ ಕೂಡ ಕಳಿಸಲಿಲ್ಲ.

ಅಳೆದದ್ದು ಹೇಗೆ ಅಂತ ನೋಡಿದೆ. ಸುಮಾರು 20 ಸಾವಿರ ಜನ. ಒಬ್ಬೊಬ್ಬರ ಎರಡೇ ದಿನದ ಊಟ, ಅದೂ ಅವರಿಗೆ ನೆನಪಿದ್ದಷ್ಟು. ಆಮೇಲೆ ವರ್ಷಗಟ್ಟಲೆ ಕಾದು ಯಾರು ಸತ್ತರು ಅಂತ ಎಣಿಸಿದ್ದಾರೆ. ನಮ್ಮ ಮನೆಗೆ ಬಂದು ಕೇಳಿದ್ದು ಒಂದು ದಿನ ಶಿವರಾತ್ರಿ, ಇನ್ನೊಂದು ದಿನ ಬೀಗರೂಟ ಆಗಿದ್ದರೆ ನಮ್ಮ ವಂಶದ ಗತಿ ಏನು ಸ್ವಾಮಿ?

ಅದಕ್ಕೂ ಮೊದಲೇ, 2023ರ ಕೊನೆಗೆ, ಫ್ರಾನ್ಸ್‌ನವರು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ ಬೆಳಗಿನ ಮೊದಲ ತುತ್ತು ಒಂದು ಗಂಟೆ ತಡವಾದರೆ ಹೃದಯದ ಕಾಯಿಲೆ ಬರುವ ಅಪಾಯ ಶೇ 6 ಜಾಸ್ತಿ ಅಂದಿದ್ದರು. ಇದು ನಂಟು ಮಾತ್ರ, ಇದೇ ಕಾರಣ ಅನ್ನೋಕಾಗಲ್ಲ ಅಂತ ಎರಡೂ ಕಡೆಯವರು ಹೇಳಿದ್ದಾರೆ. ಫಾರ್ವರ್ಡ್ ಆಗುವಾಗ ಉದುರಿಹೋಗೋದು ಸರಿಯಾಗಿ ಆ ಸಾಲೇ.

ಇರಲಿ, ತಿನ್ನುವ ಹೊತ್ತಿನ ಲೆಕ್ಕ ಇಡುವ ಒಂದು ಆ್ಯಪ್ ನಾನೂ ಹಾಕಿಕೊಂಡೆ. ಬೆಳಿಗ್ಗೆ ಆರೂ ಹತ್ತಕ್ಕೆ ಸೌಟಿನಿಂದ ಅಂಗೈಗೆ ಎರಡು ಹನಿ ಸಾರು ಬಿಟ್ಟುಕೊಂಡು ಉಪ್ಪು ನೋಡಿದೆ. ಸುಳ್ಳು ಯಾಕೆ, ಅದನ್ನೂ ಬರೆದೆ. ತಗೊಳ್ಳಿ, ನನ್ನ ಎಂಟು ಗಂಟೆ ಶುರುವಾಗೇಹೋಯ್ತು! ಮಧ್ಯಾಹ್ನ ಎರಡೂ ಹತ್ತಕ್ಕೆ ಬಾಯಿಗೆ ಬೀಗ. ಆಗಿನ್ನೂ ನಾನು ಅತ್ತೆಯವರಿಗೆ ಬಡಿಸುತ್ತಿದ್ದೆ. ನಾಲ್ಕೂವರೆಗೆ ಅರ್ಧ ಲೋಟ ಕಾಫಿ, ಕೆಂಪು ದೀಪ. ರಾತ್ರಿ ಒಂಬತ್ತೂವರೆಗೆ ಮಗ ತಟ್ಟೆಯಲ್ಲಿ ಬಿಟ್ಟ ಮೊಸರನ್ನವನ್ನು, ಚೆಲ್ಲೋಕೆ ಮನಸ್ಸು ಬಾರದೆ, ಸಿಂಕಿನ ಹತ್ತಿರ ನಿಂತೇ ಮುಗಿಸಿದೆ. ಹದಿನೈದು ಗಂಟೆ ಇಪ್ಪತ್ತು ನಿಮಿಷ ತಿಂದಿದ್ದೀರಿ ಅಂತ ಬಂತು. ಇಡೀ ದಿನದಲ್ಲಿ ನಾನು ಕೂತು ತಿಂದದ್ದು ಹನ್ನೆರಡು ನಿಮಿಷ, ಅದನ್ನ ಕೇಳೋಕೆ ಅದರಲ್ಲಿ ಜಾಗವೇ ಇಲ್ಲ.

ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ರಾತ್ರಿ ಒಂದೂವರೆಗೆ ಡಬ್ಬಿ ಬಿಚ್ಚುತ್ತಾರೆ. ಅದು ಅವರಿಗೆ ದಿನದ ಮೊದಲ ಊಟವೋ ಕೊನೆಯದೋ ಅಂತ ಸುಮ್ನೆ ಕೇಳಿದೆ.

"ಅದನ್ನ ಡ್ಯೂಟಿ ಹಾಕೋ ಸೂಪರ್‌ವೈಸರ್‌ನ ಕೇಳಬೇಕು ಮೇಡಂ" ಅಂದರು.