ಕಾಂಡಕೋಶದ ಕರ್ಮಕಾಂಡ

ಮೊಬೈಲಿಗೆ ಮತ್ತೆ ಆ ಜಾಹೀರಾತು ಬಂದಿದೆ. ಕೆಂಪು ಹೃದಯ, ಸುತ್ತಲೂ ಮಿಣುಕುಹುಳದಂಥ ಚುಕ್ಕಿಗಳು, ಕೆಳಗೆ ಒಕ್ಕಣೆ: 'ಸ್ಟೆಮ್ ಸೆಲ್ ಚಿಕಿತ್ಸೆ. 100% ಜೀವಂತ ಕೋಶಗಳು. ದಣಿದ ಹೃದಯಕ್ಕೆ ಹೊಸ ಸ್ನಾಯು.' ಜೀವಂತ ಅಂತ ಒತ್ತಿ ಹೇಳಿದ್ದಾರಲ್ಲ, ಅಲ್ಲೇ ನನಗೆ ನಗು ಬಂದದ್ದು.

ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ಅದಕ್ಕೆ ಕಾಂಡಕೋಶ ಅಂತ ಹೆಸರಿಟ್ಟ ಪುಣ್ಯಾತ್ಮನಿಗೆ ದೂರದೃಷ್ಟಿಯಿತ್ತು. ಪಾಪ, ಅವನ ಮನಸ್ಸಲ್ಲಿದ್ದದ್ದು ಚಿಗುರೊಡೆಯುವ ಗಿಡದ ಕಾಂಡವೇ ಇರಬೇಕು. ಆದರೆ ಕಾಂಡ ಅಂದರೆ ಕಥೆಯ ಭಾಗವೂ ಹೌದು. ಹಿಂದೆ ಒಂದು 'ಕರ್ಮ' ಅಂಟಿಸಿದರೆ ಪತ್ರಿಕೆಯ ಮುಖಪುಟಕ್ಕೂ ಆಯಿತು. ಹೃದಯದ ಕಾಂಡಕೋಶ ಮೊದಲ ಅರ್ಥವೊಂದನ್ನು ಬಿಟ್ಟು ಉಳಿದೆರಡಕ್ಕೂ ಪೂರ್ಣ ನ್ಯಾಯ ಒದಗಿಸಿತು.

ಕಥೆ ಹೀಗಿದೆ. 2001ರಲ್ಲಿ ಅಮೆರಿಕದಲ್ಲಿದ್ದ ಹೃದಯ ಸಂಶೋಧಕ ಪಿಯೆರೊ ಆನ್ವರ್ಸಾ ಅವರ ತಂಡ ಗಾಯಗೊಂಡ ಇಲಿ ಹೃದಯಕ್ಕೆ ಮೂಳೆಮಜ್ಜೆಯ ಕೋಶ ಚುಚ್ಚಿ, ಹೊಸ ಸ್ನಾಯು ಬೆಳೆಯಿತು ಅಂತ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಸಾರಿತು. 2003ರಲ್ಲಿ ಇನ್ನೊಂದು ಹೆಜ್ಜೆ: ಹೃದಯದೊಳಗೇ ಕಾಂಡಕೋಶಗಳಿವೆಯಂತೆ! ಬೆಟ್ಟ ಅಗೆದು ಇಲಿ ಹಿಡಿದರು ಅನ್ನುವುದು ಹಳೆಯ ಗಾದೆ. ಇವರು ಇಲಿಯನ್ನು ಅಗೆದು ಬೆಟ್ಟವನ್ನೇ ಹೊರತೆಗೆದರು. 2004ರಲ್ಲಿ ಅದೇ 'ನೇಚರ್'ನಲ್ಲಿ ಬೇರೆ ಎರಡು ತಂಡಗಳು ಮಜ್ಜೆಯ ಕೋಶ ಹೃದಯದ ಸ್ನಾಯು ಆಗುವುದಿಲ್ಲ ಅಂತ ಬರೆದವು. ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಜಾತ್ರೆ ಶುರುವಾದದ್ದೇ ಆಮೇಲೆ.

ಅಸಲಿಗೆ ಹೊಸ ಕೋಶ ಹುಟ್ಟಿಸುವುದರಲ್ಲಿ ಹೃದಯ ಬಲು ಜಿಪುಣ ಅಂಗ. ಇಪ್ಪತ್ತೈದರ ವಯಸ್ಸಲ್ಲಿ ವರ್ಷಕ್ಕೆ ಶೇ 1ರಷ್ಟು ಸ್ನಾಯುಕೋಶ ಬದಲಾದರೆ ಹೆಚ್ಚು. ಎಪ್ಪತ್ತೈದಕ್ಕೆ ಅದೂ ಶೇ 0.45. ಇದನ್ನು 2009ರಲ್ಲಿ ಪತ್ತೆ ಮಾಡಿದ್ದು ಹೇಗೆ ಗೊತ್ತೇ? ಶೀತಲ ಸಮರದ ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಬಿಟ್ಟ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ನಮ್ಮ ಕೋಶಗಳ ಡಿಎನ್‌ಎಯಲ್ಲಿ ಹುಟ್ಟಿದ ದಿನಾಂಕದ ಮುದ್ರೆಯಂತೆ ಕೂತಿದೆ. ಆ ಬಾಂಬುಗಳಿಂದ ಯಾರಿಗಾದರೂ ಉಪಕಾರವಾಗಿದ್ದರೆ ಇದೊಂದೇ.

ಇರಲಿ. 2019ರ ಕೊನೆಗೆ ಬಂದ ಪ್ರಯೋಗಕ್ಕೆ ನಾನು ಕೈಮುಗಿಯುತ್ತೇನೆ. ಅಮೆರಿಕದ ಹೃದಯ ವಿಜ್ಞಾನಿ ಜೆಫ್ರಿ ಮೋಲ್ಕೆಂಟಿನ್ ಅವರ ಪ್ರಯೋಗಾಲಯ ಇಲಿಗಳ ಗಾಯಗೊಂಡ ಹೃದಯಕ್ಕೆ ಜೀವಂತ ಕಾಂಡಕೋಶ ಚುಚ್ಚಿತು. ಹೃದಯ ಸ್ವಲ್ಪ ಚೇತರಿಸಿಕೊಂಡಿತು. ಶಹಬ್ಬಾಸ್! ಆಮೇಲೆ ಅವೇ ಕೋಶಗಳನ್ನು ಹೆಪ್ಪುಗಟ್ಟಿಸಿ, ಕರಗಿಸಿ, ಕೊಂದು, ಆ ಹೆಣಗಳನ್ನು ಚುಚ್ಚಿದರು. ಆಗಲೂ ಚೇತರಿಕೆ. ಕೊನೆಗೆ ಕೋಶವೇ ಬೇಡವೆಂದು ಯೀಸ್ಟಿನ ಕೋಶಭಿತ್ತಿಯಿಂದ ತೆಗೆದ ಜೈಮೋಸಾನ್ ಎಂಬ ವಸ್ತು ಚುಚ್ಚಿದರು. ಹೃದಯ ಅದಕ್ಕೂ ಚೇತರಿಸಿಕೊಂಡಿತು! ಸತ್ತವರ ಹೆಸರಲ್ಲಿ ಪಿಂಚಣಿ ಎತ್ತುವುದನ್ನು ಕೇಳಿದ್ದೇವೆ. ಸತ್ತವರೇ ಬಂದು ಡ್ಯೂಟಿ ಮಾಡಿಹೋದದ್ದು ಇದೇ ಮೊದಲು.

ಹಾಗಾದರೆ ದುಡಿದವರು ಯಾರು? ಮ್ಯಾಕ್ರೋಫೇಜ್‌ಗಳು. ಅಂದರೆ ಮಹಾಭಕ್ಷಕರು, ರೋಗನಿರೋಧಕ ವ್ಯವಸ್ಥೆಯ ಪೌರಕಾರ್ಮಿಕರು. ಹೃದಯಾಘಾತವಾದ ಕೆಲವೇ ಗಂಟೆಗಳಲ್ಲಿ ಸಾಯುತ್ತಿರುವ ಕೋಶಗಳ ಕೂಗು ಕೇಳಿ ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ. ಬೆನ್ನಿಗೇ ಬರುವ ಮಹಾಭಕ್ಷಕರ ಮೊದಲ ಪಾಳಿ ಕೋಪಿಷ್ಠರದ್ದು. ಸತ್ತದ್ದನ್ನೆಲ್ಲ ನುಂಗಿ ಜಾಗ ಖಾಲಿ ಮಾಡುತ್ತಾರೆ. ಎರಡನೆಯ ಪಾಳಿ ಸಮಾಧಾನಿಗಳದ್ದು. ಉರಿ ತಣಿಸಿ, ಗಾಯಕ್ಕೆ ತೇಪೆ ಹಾಕುವ ಫೈಬ್ರೋಬ್ಲಾಸ್ಟ್ ಕೋಶಗಳಿಗೆ ತೇಪೆ ಎಲ್ಲಿ, ಎಷ್ಟು ಅಂತ ಹೇಳುವವರು ಇವರು. ಮೊದಲನೆಯವರು ಬೇಗ ಹೋದರೆ ಕಸ ಉಳಿಯಿತು, ಹೋಗದೇ ಕೂತರೆ ಗಾಯ ಹರಡಿತು. ಚುಚ್ಚಿದ ಕೋಶ ಬದುಕಿರಲಿ ಸತ್ತಿರಲಿ, ಮಾಡಿದ್ದು ಇಷ್ಟೇ: ಈ ಕಾರ್ಮಿಕರಿಗೆ ಇನ್ನೊಂದು ಸಲ ಕರೆಗಂಟೆ ಒತ್ತಿದ್ದು. ಹೊಸ ಸ್ನಾಯು ಹುಟ್ಟಲಿಲ್ಲ, ತೇಪೆಯ ಅಂಚು ಸುಧಾರಿಸಿತು. ನಿರೋಧಕ ಶಕ್ತಿಯನ್ನು ಅದುಮುವ ಸೈಕ್ಲೋಸ್ಪೋರಿನ್ ಕೊಟ್ಟಾಗ ಎಲ್ಲ ಲಾಭವೂ ಮಾಯ.

ಎಂಥ ಚೆಂದದ ವಿಜ್ಞಾನ ನೋಡಿ! ಹದಿನೆಂಟು ವರ್ಷ ಸನ್ಮಾನ, ಶಾಲು, ಹಾರವೆಲ್ಲ ಕಾಂಡಕೋಶಕ್ಕೆ. ಕಸ ಗುಡಿಸಿದವರ ಹೆಸರು ಯಾರಿಗೂ ನೆನಪಿಲ್ಲ. ಇದರಲ್ಲಾದರೂ ದೇಹ ಸಮಾಜದ ಪಡಿಯಚ್ಚೇ.

ಆದರೆ ಇಲಿಗಳ ಮಾತಿಗೆ ನಕ್ಕಷ್ಟು ಸಲೀಸಾಗಿ ಮುಂದಿನದಕ್ಕೆ ನಗಲಾಗುವುದಿಲ್ಲ. ಆನ್ವರ್ಸಾ ಅವರೂ ಇದ್ದ ಸಿಪಿಯೊ ಎಂಬ ಪರೀಕ್ಷೆಯಲ್ಲಿ ಮನುಷ್ಯರ ಹೃದಯದಿಂದ ಬೈಪಾಸ್ ಸಮಯದಲ್ಲೇ ತುಣುಕು ತೆಗೆದು, ಕೋಶ ಬೆಳೆಸಿ, ತಿಂಗಳುಗಳ ನಂತರ ರಕ್ತನಾಳದ ಮೂಲಕ ವಾಪಸ್ ಬಿಟ್ಟರು. 2011ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆ ಅದನ್ನು ಪ್ರಕಟಿಸಿತು, 2019ರಲ್ಲಿ ಹಿಂತೆಗೆದುಕೊಂಡಿತು. 2017ರಲ್ಲಿ ಆನ್ವರ್ಸಾ ಕೆಲಸ ಮಾಡಿದ್ದ ಆಸ್ಪತ್ರೆಯ ಕಡೆಯವರು ಅಮೆರಿಕ ಸರ್ಕಾರಕ್ಕೆ 1 ಕೋಟಿ ಡಾಲರ್ ಕೊಟ್ಟು, ಸುಳ್ಳು ದತ್ತಾಂಶ ತೋರಿಸಿ ಸಂಶೋಧನಾ ಅನುದಾನ ಪಡೆದ ಆರೋಪದ ವ್ಯಾಜ್ಯ ಮುಗಿಸಿಕೊಂಡರು. 2018ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಮತ್ತು ಆ ಆಸ್ಪತ್ರೆ ಸೇರಿ ಆನ್ವರ್ಸಾ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂಪಡೆಯಬೇಕು ಎಂದವು. ಮೂವತ್ತೊಂದು! 2004ರಲ್ಲೇ ಗಂಟೆ ಬಾರಿಸಿದವರ ಮಾತು ಕೇಳಲು ಹದಿನಾಲ್ಕು ವರ್ಷ ಬೇಕಾಯಿತು. ಪ್ರಬಂಧ ವಾಪಸ್ ಬರುತ್ತದೆ, ದುಡ್ಡೂ ವಾಪಸ್ ಬರುತ್ತದೆ. ಎದೆ ತೆರೆದು ಮಲಗಿದವನ ನಂಬಿಕೆಯನ್ನು ಯಾವ ಪತ್ರಿಕೆ ಹಿಂತೆಗೆದುಕೊಡುತ್ತದೆ ಸ್ವಾಮಿ? ಇದನ್ನು ತಮಾಷೆ ಮಾಡಿ ಬರೆದು ಬರೆದು ನನಗೂ ಸಾಕಾಗಿದೆ.

ಜಾಹೀರಾತಿನ ಕೆಳಗಿದ್ದ ನಂಬರಿಗೆ ಒಂದು ಸಂದೇಶ ಕಳಿಸಿದೆ: 'ಸತ್ತ ಕೋಶಗಳೂ ಇದೇ ಕೆಲಸ ಮಾಡುತ್ತವಂತೆ. ನಿಮ್ಮಲ್ಲಿ ಸಿಗುತ್ತವೆಯೇ? ರೇಟು ಸ್ವಲ್ಪ ಕಮ್ಮಿ ಇರುತ್ತದಾ?' ಅರ್ಧ ನಿಮಿಷದಲ್ಲಿ ಉತ್ತರ ಬಂತು.

'ಎಲ್ಲ ಪ್ಯಾಕೇಜೂ ಲಭ್ಯ ಸರ್. ಅಪಾಯಿಂಟ್‌ಮೆಂಟ್ ಯಾವತ್ತಿಗೆ ಬೇಕು?'