ಕಾರು ವಾಲದಿದ್ದರೂ ಭಾರ ಸರಿಯುತ್ತದೆ

‘ಗಟ್ಟಿ ಸ್ಪ್ರಿಂಗ್, ದಪ್ಪ ಆ್ಯಂಟಿ-ರೋಲ್ ಬಾರ್ (ಎಡ-ಬಲ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಡೆಯುವ ಸರಳು) ಹಾಕಿಸಿದರೆ ತಿರುವಿನಲ್ಲಿ ಕಾರಿನ ಭಾರ ಹೊರಗಿನ ಚಕ್ರಗಳಿಗೆ ಸರಿಯುವುದೇ ಇಲ್ಲ’ ಎಂಬ ಮಾತು ಕಾರುಪ್ರಿಯರ ನಡುವೆ ಓಡಾಡುತ್ತಿದೆ. ಇದು ತಪ್ಪು. ಕಡಿಮೆಯಾಗುವುದು ಕಾರು ವಾಲುವುದು, ಭಾರ ಸರಿಯುವುದಲ್ಲ.

ಲೆಕ್ಕ ಸುಲಭ. 1,200 ಕೆಜಿಯ ಕಾರು, ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ, ಎಡ-ಬಲ ಚಕ್ರಗಳ ನಡುವೆ 1.5 ಮೀಟರ್. 0.8 ಜಿ (ಅಂದರೆ ಗುರುತ್ವದ 0.8 ಪಟ್ಟು) ವೇಗೋತ್ಕರ್ಷದಲ್ಲಿ ತಿರುಗಿದರೆ 1,200 × 0.8 × 0.5 ÷ 1.5, ಅಂದರೆ ಸುಮಾರು 320 ಕೆಜಿ ಭಾರ ಹೊರಬದಿಗೆ ಹೋಗುತ್ತದೆ. ಸ್ಪ್ರಿಂಗ್ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ, ಅಲ್ವಾ? ಗೋ-ಕಾರ್ಟ್ ನೋಡಿ. ಅದಕ್ಕೆ ಸಸ್ಪೆನ್ಷನ್ನೇ ಇಲ್ಲ, ಆದರೂ ತಿರುವಿನಲ್ಲಿ ಒಳಗಿನ ಹಿಂಚಕ್ರ ನೆಲ ಬಿಟ್ಟು ಮೇಲೇಳುತ್ತದೆ.

ಹಾಗಾದರೆ ಬಾರ್ ಸುಮ್ನೆ ದಂಡವೇ? ಅಲ್ಲ. ಸರಿದ ಭಾರದಲ್ಲಿ ಮುಂದಿನ ಚಕ್ರಕ್ಕೆಷ್ಟು, ಹಿಂದಿನದಕ್ಕೆಷ್ಟು ಎಂದು ಹಂಚುವುದು ಅದೇ. ಟೈರಿನ ಮೇಲೆ ಭಾರ ದುಪ್ಪಟ್ಟಾದರೆ ಹಿಡಿತ ದುಪ್ಪಟ್ಟಾಗುವುದಿಲ್ಲ. ಹಾಗಾಗಿ ಮುಂದೆ ಮಾತ್ರ ದಪ್ಪ ಬಾರ್ ಹಾಕಿದರೆ ಸರಿದ ಭಾರದ ಹೆಚ್ಚಿನ ಪಾಲು ಮುಂದಿನ ಹೊರ ಟೈರಿಗೆ ಬಿದ್ದು, ಮುಂಚಕ್ರಗಳ ಒಟ್ಟು ಹಿಡಿತ ಇಳಿದು, ಸಾಮಾನ್ಯವಾಗಿ ಮೂತಿ ಹೊರಗೆ ಜಾರುವುದು ಜಾಸ್ತಿಯಾಗುತ್ತದೆ. ದುಡ್ಡು ಕೊಟ್ಟು ತಂದುಕೊಂಡ ತೊಂದರೆ!

ಇನ್ನು ಹಿಂದೆ-ಮುಂದೆ ಸರಿಯುವ ಭಾರ ನಿಮ್ಮ ಕಾಲಲ್ಲೇ ಇದೆ. ನೇರ ದಾರಿಯಲ್ಲೇ ಗಟ್ಟಿಯಾಗಿ ಬ್ರೇಕ್ ಒತ್ತಿ, ಸ್ಟೇರಿಂಗ್ ತಿರುಗಿಸುತ್ತಾ ನಿಧಾನಕ್ಕೆ ಬಿಟ್ಟರೆ ಮುಂಚಕ್ರಗಳ ಮೇಲೆ ಭಾರ ಉಳಿದು ಕಾರು ಚೆನ್ನಾಗಿ ತಿರುಗುತ್ತದೆ. ತಿರುವಿನ ನಡುವೆ ಹೆದರಿ ಆ್ಯಕ್ಸಿಲರೇಟರ್‌ನಿಂದ ಕಾಲು ಸಟ್ಟನೆ ತೆಗೆದರೆ ಹಿಂಭಾಗ ಹಗುರಾಗಿ ಕಾರು ಗಿರ್ರನೆ ತಿರುಗಬಹುದು. ಇದನ್ನು ಟ್ರ್ಯಾಕ್‌ನಲ್ಲೇ ಕಲಿಯಿರಿ, ಘಾಟಿ ರಸ್ತೆಯಲ್ಲಿ ಬೇಡ.